ಉಡದಾರ ಎಳೆಯುವವನು

ಚೆಡುಗುಡು ಆಟದಲ್ಲಿ ಹೋಗುವವನಿಗೆ ಹಾರ, ಹಿಡಿಯುವವನಿಗೆ ಏಟು ಎಂದು ಮದ್ದೂರಿನ ಕಡೆ ಹೇಳುತ್ತಿದ್ದರು. ಸುಳ್ಳೇನಲ್ಲ. ಒಂದೇ ಉಸಿರಿನಲ್ಲಿ ‘ಚೆಡುಗುಡು ಚೆಡುಗುಡು’ ಎನ್ನುತ್ತ ಎದುರಾಳಿಗಳ ಅಂಕಣಕ್ಕೆ ನುಗ್ಗಿ, ಇಬ್ಬರನ್ನು ಮುಟ್ಟಿ, ಉಸಿರು ಕಡಿಯುವುದರೊಳಗೆ ನಡುಗೆರೆ ದಾಟಿ ಬಂದವನನ್ನು ಜನ ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಾರೆ. ಅವನನ್ನು ಅಡ್ಡಗಟ್ಟಿ, ಅವನ ಮೊಣಕಾಲು ಹಿಮ್ಮಡಿಗಳ ಏಟು ತಿಂದು, ಉಸಿರು ಕಡಿಯುವವರೆಗೂ ನೆಲಕ್ಕೆ ಒತ್ತಿ ಹಿಡಿದವನು ಬಾಯಿಗೆ ಹೊಕ್ಕ ಮಣ್ಣು ಉಗಿದು ಮತ್ತೆ ತನ್ನ ಜಾಗಕ್ಕೆ ಹೋಗಿ ನಿಲ್ಲಬೇಕು. ಅವನನ್ನು ಕೇಳುವವರಿಲ್ಲ.

ಗುತ್ತಲಿನ ಮರಿಸಿದ್ದಯ್ಯನೊಬ್ಬ ಈ ಮಾತನ್ನು ಸುಳ್ಳು ಮಾಡಿದ್ದ. ಅವನ ಹಿಡಿತ ನೋಡಲೆಂದೇ ಮಳವಳ್ಳಿ ಕಡೆಯಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಆಳು ಅಂಥ ಎತ್ತರವೇನಲ್ಲ. ಕುತ್ತಿಗೆ ಎಂಬುದೇ ಇಲ್ಲದೆ ತಲೆ ನೇರವಾಗಿ ಹೆಗಲ ಮೇಲೆ ಕೂತಿತ್ತು. ಎದುರಾಳಿ ಒಳಗೆ ಬಂದಾಗ ತೂಕಡಿಸುವವನ ಹಾಗೆ ಅರೆಗಣ್ಣಲ್ಲಿ ನಿಂತಿರುತ್ತಿದ್ದ. ಬಂದವನು ವಾಪಸು ತಿರುಗುವ ಒಂದು ಗಳಿಗೆ ಇರುತ್ತದಲ್ಲ, ಆಗ ಅವನ ಸೊಂಟಕ್ಕೆ ಬಿದ್ದನೆಂದರೆ ಮುಗಿಯಿತು. ಬಿಡಿಸಿಕೊಂಡು ಹೋದವರನ್ನು ಯಾರೂ ಕಂಡಿರಲಿಲ್ಲ.

ಹಿಡಿಯುವವರು ಕೈಕೈ ಬೆಸೆದು ಸರಪಳಿಯಾಗಿ ನಿಲ್ಲುತ್ತಾರೆ. ಮರಿಸಿದ್ದಯ್ಯನ ಎಡಗೈ ಹಿಡಿದು ನಿಲ್ಲುತ್ತಿದ್ದವನು ಅಫ್ಸರ್ ಪಾಷಾ. ಮದ್ದೂರಿನ ಮಹದೇವಯ್ಯ ಸಾಹುಕಾರರ ರೈಸ್ ಮಿಲ್ಲಿನಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುವ ಕೆಲಸ ಅವನದು. ಆಟದಲ್ಲಿ ದೊಡ್ಡ ಹೆಸರೇನೂ ಇಲ್ಲ. ಕಣ್ಣು ಮಾತ್ರ ಚುರುಕು. ‘ಅಫ್ಸರನ ಕಣ್ಣು, ಸಿದ್ದನ ತೋಳು’ ಎಂದು ಸಾಹುಕಾರರೇ ಹೇಳುತ್ತಿದ್ದರು.

ಸಾಹುಕಾರರಿಗೆ ತಂಡ ಕಟ್ಟುವ ಹುಚ್ಚು ಹತ್ತಿದ್ದು ಮೂವತ್ತೆಂಟನೇ ಇಸವಿಯಲ್ಲಿ. ಕೆಲವರು ಕುದುರೆ ಸಾಕುತ್ತಾರೆ, ಕೆಲವರು ಟಗರು ಸಾಕುತ್ತಾರೆ. ಇವರು ಏಳು ಜನ ಗಂಡಸರನ್ನು ಸಾಕಿದರು. ಮಿಲ್ಲಿನ ಪುಸ್ತಕದಲ್ಲಿ ಮರಿಸಿದ್ದಯ್ಯ ಮೂಟೆ ಹೊರುವ ಆಳು. ಏಳು ವರ್ಷದಲ್ಲಿ ಅವನು ಒಂದು ಮೂಟೆಗೂ ಬೆನ್ನು ಕೊಟ್ಟವನಲ್ಲ. ತಿಂಗಳಿಗೆ ಸಂಬಳ, ವಾರಕ್ಕೆ ಅಕ್ಕಿ, ಮಿಲ್ಲಿನ ಹಿಂದಿನ ಸಾಲುಮನೆಗಳಲ್ಲಿ ಒಂದು ಮನೆ. ಯುದ್ಧ ಬಂದು ರೇಷನ್ ಅಂಗಡಿ ಮುಂದೆ ಜನ ಮುಗ್ಗಲು ಜೋಳಕ್ಕೆ ಕಿತ್ತಾಡುತ್ತಿದ್ದಾಗ ಇವನ ಮನೆಯಲ್ಲಿ ಎರಡು ಹೊತ್ತೂ ಅನ್ನ ಬೇಯುತ್ತಿತ್ತು.

ಅಷ್ಟೂ ಮೈಯಲ್ಲಿ ಕಸುವಿರುವ ತನಕ. ಮರಿಸಿದ್ದಯ್ಯನಿಗಿಂತ ಮೊದಲು ಆ ಜಾಗದಲ್ಲಿ ಚೌಡಯ್ಯ ಅಂತ ಒಬ್ಬನಿದ್ದ. ಸೋಮವಾರ ಅವನ ಮಂಡಿ ಚಿಪ್ಪು ಒಡೆಯಿತು. ಶುಕ್ರವಾರ ಸಾಲುಮನೆ ಖಾಲಿ. ಈಗ ಚೌಡಯ್ಯ ರೈಲ್ವೆ ಸ್ಟೇಷನ್ ಮುಂದೆ ಕಾಲು ಚಾಚಿ ಕೂತು ಬೀಡಿ ಮಾರುತ್ತಾನೆ. ಅಫ್ಸರ್ ಮತ್ತು ಮರಿಸಿದ್ದಯ್ಯ ಆ ದಾರಿಯಲ್ಲಿ ಹೋಗುವಾಗ ಇಬ್ಬರೂ ಆಚೆ ಮುಖ ಮಾಡಿಕೊಂಡು ಮಾತಾಡುತ್ತಿದ್ದರು.

ನಲವತ್ಮೂರರಲ್ಲಿ ಬೆಳಕವಾಡಿಯವರ ಮೇಲೆ ಆಟ ಬಿತ್ತು. ಆ ತಂಡದ ಚಿಕ್ಕಣ್ಣ ಎಂಬವನು ಉಸಿರಿನ ಗಟ್ಟಿಗ. ಮರಿಸಿದ್ದಯ್ಯನ ತೋಳಲ್ಲಿ ಸಿಕ್ಕಿ ಒದ್ದಾಡುವಾಗ ಅವನ ಹಿಮ್ಮಡಿ ಮರಿಸಿದ್ದಯ್ಯನ ಎಡಗಿವಿಗೆ ಬಡಿಯಿತು. ಕಿವಿಯಿಂದ ರಕ್ತ ಸುರಿದು ಹೆಗಲು ನೆನೆದರೂ ಇವನು ಹಿಡಿತ ಬಿಡಲಿಲ್ಲ. ಎರಡು ದಿನ ಬಿಟ್ಟು ಚಿಕ್ಕಣ್ಣ ಒಂದು ಅಚ್ಚು ಬೆಲ್ಲ ಹಿಡಿದುಕೊಂಡು ಮದ್ದೂರಿಗೆ ನೋಡಲು ಬಂದ. ಮರಿಸಿದ್ದಯ್ಯ ಅವನನ್ನು ಉಣ್ಣಲಿಕ್ಕೆ ಕೂರಿಸಿ, “ಆಟದ ಏಟು ಅಂಗ್ಳದಲ್ಲೇ ಕಣ್ಲಾ ಚಿಕ್ಕ, ಮನೆಗ್ ತರಬ್ಯಾಡ” ಎಂದ. ಆ ಮಾತನ್ನು ಕೇಳಿದವರು ಮನೆಯೊಳಗಿದ್ದ ಮೂರು ಜನ ಮಾತ್ರ. ಅಂಗಳದಲ್ಲಿ ಸುರಿದ ರಕ್ತವನ್ನು ನೋಡಿದವರು ಎರಡು ಸಾವಿರ.

ಆಮೇಲಿನ ಸಂಗತಿ ಅಫ್ಸರನಿಗೆ ತಿಳಿದದ್ದು ನಲವತ್ತೈದರ ದೀಪಾವಳಿ ಕಳೆದ ಮೇಲೆ. ನಾಲೆ ನೀರು ಬಂದ ಮೇಲೆ ಊರೂರಿಗೆ ಹಬ್ಬಿದ ಚಳಿಜ್ವರ ಆ ವರ್ಷ ಮರಿಸಿದ್ದಯ್ಯನನ್ನೂ ಒಂದು ತಿಂಗಳು ಮಲಗಿಸಿತ್ತು. ಎದ್ದು ಓಡಾಡುವಂತಾದ ಮೇಲೆ ಒಂದು ದಿನ ಅವನು ಮಿಲ್ಲಿನ ಅಂಗಳದಲ್ಲಿ ಬಗ್ಗಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತಿದ್ದ. ಭತ್ತದ ಲಾರಿ ಹಾರನ್ ಬಾರಿಸುತ್ತ ಹಿಂದಕ್ಕೆ ಬರುತ್ತಿತ್ತು. ಅಫ್ಸರ್ ಎಂಜಿನ್ ಮನೆಯಿಂದ ಕಿರಿಚಿದ. ಮರಿಸಿದ್ದಯ್ಯ ಅಲುಗಲಿಲ್ಲ. ಅಫ್ಸರ್ ಓಡಿಹೋಗಿ ರಟ್ಟೆ ಹಿಡಿದು ಎಳೆದ.

“ಯಾಕ್ಲಾ ಇಂಗ್ ಎಳ್ದಾಡ್ತೀಯ?”

“ಲಾರಿ ಆರನ್ ಕೇಳ್ನಿಲ್ವೇನ್ಲಾ ನಿಂಗೆ?”

“ಕೇಳ್ತು. ನಾನೇನ್ ಕಿವ್ಡನಾ?” ಎಂದು ನಕ್ಕು ಮರಿಸಿದ್ದಯ್ಯ ಆಚೆ ತಿರುಗಿ ಹೊರಟ.

ಅಫ್ಸರ್ ಅವನ ಬೆನ್ನ ಹಿಂದೆಯೇ ನಡೆದ. ಬಾಯಿಗೆ ಬರಬಾರದ ಮಾತೊಂದು ಬಂತು. “ಲೇ ಸಿದ್ದ, ನಿನ್ನ ಎಂಡ್ರು ಚಲ್ವಮ್ಮ ಬಾವಿಗ್ ಬಿದ್ಲಂತೆ ಕಣ್ಲಾ.” ಮರಿಸಿದ್ದಯ್ಯ ಸೊಂಟದಿಂದ ಬೀಡಿ ತೆಗೆದು ಹಚ್ಚಿಕೊಂಡ.

ಅಫ್ಸರ್ ಮುಂದೆ ಹೋಗಿ ನಿಂತು, “ಯಾವಾಗಿಂದ?” ಎಂದ. ಮರಿಸಿದ್ದಯ್ಯ ಅವನ ತುಟಿ ನೋಡಿದ. ಅಷ್ಟು ಗಟ್ಟಿ ಆಳು ಭತ್ತದ ರಾಶಿಯ ಮರೆಗೆ ಹೋಗಿ ಕೂತು ಅಳುತ್ತಿದ್ದುದನ್ನು ಅಫ್ಸರನಿಗೆ ನೋಡಲಾಗಲಿಲ್ಲ.

“ಎಡಗಡೇದು ಚಿಕ್ಕನ ಒದೆಗೇ ಓಯ್ತು. ಬಲಗಡೇದು ಈ ಜರ ಬಂದ್ಮ್ಯಾಕೆ. ಜರಕ್ಕೆ ಕೊಟ್ಟ ಕೊಯಿನಾ ಗುಳ್ಗೆಗೆ ಕಿವಿ ಕಟ್ತದಂತೆ, ಅದರ ನಂಜು ಇಳುದ್ರೆ ಸರಿ ಓಯ್ತದೆ ಕಣ್ಲಾ. ಯಾರ್ಗೂ ಏಳ್ಬ್ಯಾಡ. ಸಾವ್ಕಾರ್ರಿಗೆ ಗೊತ್ತಾದ್ರೆ ಶುಕ್ರುವಾರಕ್ಕೆ ಮನೆ ಬುಡ್ಸ್‌ತಾರೆ. ಎರಡು ಕೂಸ್ಗಳ್ನ ಮಣ್ಗೆ ಇಟ್ಟವ್ಳೆ ಚಲ್ವಿ. ಅವಳ್ನ ಎಲ್ಗ್ ಕರ್ಕೊಂಡ್ ಓಗ್ಲಿ?”

ನಂಜು ಇಳಿಯಲಿಲ್ಲ. ಅಫ್ಸರನ ತಾಯಿ ಹಾಜಿರಾ ಬೀ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಕೊಟ್ಟಳು. ಚಲುವಮ್ಮ ಮುತ್ತತ್ತಿಗೆ ಹೋಗಿ ಹೊಳೆಯಲ್ಲಿ ಮುಳುಗೆದ್ದು, ಕಿವಿ ಬಂದರೆ ಬೆಳ್ಳಿ ಕಿವಿ ಮಾಡಿಸಿ ಒಪ್ಪಿಸುತ್ತೇನೆಂದು ಆಂಜನೇಯನಿಗೆ ಹರಸಿಕೊಂಡು ಬಂದಳು. ಎಣ್ಣೆ ಮುಗಿಯಿತು, ಹರಕೆ ಹಾಗೇ ಉಳಿಯಿತು.

ಇನ್ನು ಉಳಿದದ್ದು ಉಪಾಯ. ಆಟದಲ್ಲಿ ಮುಖಾಮುಖಿ ಇರುವಷ್ಟು ಹೊತ್ತು ತೊಂದರೆಯಿಲ್ಲ. ಬಂದವನ ತುಟಿ ಆಡುವುದು ಮರಿಸಿದ್ದಯ್ಯನಿಗೆ ಕಾಣುತ್ತಿತ್ತು. ಹಿಂದಿನಿಂದ ತಬ್ಬಿ ಕೆಡವಿದ ಮೇಲೆ ಅವನ ಬಾಯಿ ಮಣ್ಣಿನ ಕಡೆಗಿರುತ್ತದೆ. ಉಸಿರು ಕಡಿಯಿತೋ ಇಲ್ಲವೋ ತಿಳಿಯುವುದು ಹೇಗೆ? ಕಡಿಯುವ ಮೊದಲೇ ಬಿಟ್ಟರೆ ಆಟ ಹೋಯಿತು. ಕಡಿದ ಮೇಲೂ ಬಿಡದಿದ್ದರೆ ಆಳಿಗೆ ಅಪಾಯ.

ಅಫ್ಸರ್ ಒಂದು ದಾರಿ ಕಂಡುಹಿಡಿದ. ಮರಿಸಿದ್ದಯ್ಯನ ಚಡ್ಡಿಯ ಮೇಲೆ ಸೊಂಟದಲ್ಲಿ ಕರಿ ಉಡದಾರ ಇರುತ್ತಿತ್ತು. ಅವನು ಯಾರನ್ನು ಕೆಡವಿದರೂ ಅಫ್ಸರ್ ಹಿಂದೆಯೇ ಬಿದ್ದು ಉಡದಾರಕ್ಕೆ ಬೆರಳು ಸಿಕ್ಕಿಸುವುದು. ‘ಚೆಡುಗುಡು’ ನಿಂತ ಕೂಡಲೇ ಎರಡು ಸಲ ಎಳೆಯುವುದು. ಎಳೆದರೆ ಬಿಡು, ಇಲ್ಲದಿದ್ದರೆ ಬಿಡಬೇಡ. ಮರಿಸಿದ್ದಯ್ಯನಿಗೆ ಅದು ಎಷ್ಟು ಒಗ್ಗಿತೆಂದರೆ, ಎಳೆತ ಬಿದ್ದ ಮರುಗಳಿಗೆಯೇ ತೋಳು ಸಡಿಲಾಗುತ್ತಿತ್ತು. ನೋಡಿದವರು ‘ಏನು ನ್ಯಾಯವಾದ ಆಟವಪ್ಪ ಇವನದು, ಒಂದು ಚಣ ಹೆಚ್ಚಿಗೆ ಹಿಡಿಯಲ್ಲ’ ಎಂದು ಹೊಗಳಿದರು.

ಅಂಗಳದ ಹೊರಗೆ ಕಣ್ಣಿನ ಪಾಠ. “ನನ್ ಮಕಾನೇ ನೋಡ್ತಿರು. ನಾನು ಇಂದಕ್ ನೋಡುದ್ರೆ ನೀನೂ ಇಂದಕ್ ತಿರುಗು. ನಾನ್ ನಕ್ರೆ ನಗು. ತಲೆ ತೂಗುದ್ರೆ ಊಂ ಅನ್ನು.” ಹೀಗೆ ಶುರುವಾಗಿ, ಬರುಬರುತ್ತ ಅಫ್ಸರನ ರೆಪ್ಪೆ ಆಡಿದರೂ ಮರಿಸಿದ್ದಯ್ಯನಿಗೆ ಅರ್ಥವಾಗುತ್ತಿತ್ತು. ಹಿಂದಿನಿಂದ ಸಾಹುಕಾರರು ಕರೆದರೆ ಅಫ್ಸರನ ಕಣ್ಣು ಅತ್ತ ಹೋಗುವುದು, ಇವನು ‘ಬಂದೆ ಬುದ್ಧಿ’ ಎಂದು ತಿರುಗುವುದು, ಎರಡೂ ಒಟ್ಟೊಟ್ಟಿಗೆ ಆಗುತ್ತಿದ್ದವು. ಸರಿಯಾಗಿ ತಿರುಗಿದಾಗಲೆಲ್ಲ ಆಮೇಲೆ ಅಫ್ಸರನ ಕಡೆ ನೋಡಿ ತುಟಿಯಂಚಲ್ಲಿ ಒಂಚೂರು ನಗುತ್ತಿದ್ದ, ಮೇಷ್ಟರ ಹತ್ತಿರ ಲೆಕ್ಕ ಒಪ್ಪಿಸಿದ ಹುಡುಗನ ಹಾಗೆ. ಅಫ್ಸರ್ ಸರಿ ಎಂದು ತಲೆದೂಗಬೇಕು. ಆಗ ಅವನಿಗೆ ಸಮಾಧಾನ.

ಎಡವಟ್ಟುಗಳೂ ಆಗದೆ ಇರಲಿಲ್ಲ. ಒಮ್ಮೆ ಸಾವಿನ ಮನೆಯಲ್ಲಿ ಬಾಗಿಲಾಚೆಯ ಮಗುವೊಂದನ್ನು ನೋಡಿ ಅಫ್ಸರ್ ಮುಗುಳ್ನಕ್ಕಿದ್ದೇ ತಡ, ಹೆಣದ ಎದುರಿಗೆ ಕೂತಿದ್ದ ಮರಿಸಿದ್ದಯ್ಯ ಗಹಗಹಿಸಿಬಿಟ್ಟ. ದಾರಿಯುದ್ದಕ್ಕೂ ಅದನ್ನು ನೆನೆದು ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಅಫ್ಸರ್ ಒಂದು ಮಾತು ಹೇಳಿದ.

“ಸಿದ್ದ, ತುಟಿ ನೋಡು. ನಾನು ಔಟಾಗಿ ಈಚೆ ಕೂತಿದ್ರೆ ನೀನು ಯಾರ್ನೂ ಇಡೀಬ್ಯಾಡ. ಎಳ್ಯಕ್ಕೆ ನಾನಿರಾಕಿಲ್ಲ. ಓಗ್ಲಿ ಬುಡು ಅವನು.”

“ಅಂಗೇ ಆಗ್ಲಿ.”

“ನನ್ ತಲೆ ಮ್ಯಾಲ್ ಕೈಯಿಡು.”

ಮರಿಸಿದ್ದಯ್ಯ ಅವನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ.

ನಲವತ್ತೈದು, ನಲವತ್ತಾರು, ಎರಡು ವರ್ಷವೂ ಬೆಳಕವಾಡಿಯವರೇ ಗೆದ್ದರು. ಸಾಹುಕಾರರ ಮುಖ ಗಂಟು ಬಿತ್ತು. ನಲವತ್ತೇಳರ ಮಾಘ ಮಾಸದಲ್ಲಿ ಮತ್ತೆ ಬೆಳಕವಾಡಿಯಲ್ಲೇ ಆಟ ಗೊತ್ತಾಯಿತು. ಹೊರಡುವ ದಿನ ಸಾಹುಕಾರರು ಏಳೂ ಜನರನ್ನು ಮಿಲ್ಲಿನ ಬಾಗಿಲಲ್ಲಿ ನಿಲ್ಲಿಸಿದರು.

“ನೋಡ್ರಲಾ. ಊರ್ಗೇ ಅಕ್ಕಿ ಇಲ್ದಿರೋ ಕಾಲ್ದಾಗೆ ನಿಮ್ಗೆ ಅನ್ನ ಆಕಿದೀನಿ. ಈ ಸಲ ಸೋತ್ರೆ ತಂಡ ಮುಚ್ತೀನಿ. ಸಾಲ್‌ಮನೆ ಖಾಲಿ ಮಾಡ್ಕಂಡು ನಿಮ್ ನಿಮ್ ಅಳ್ಳಿಗ್ ನಡೀರಿ. ಗೆದ್ರೆ ಏಳೂ ಜನಕ್ಕೆ ಮಿಲ್ನಾಗೆ ಖಾಯಂ ಕೆಲ್ಸ. ಸಿದ್ದ, ನಿಂಗೆ ಗೇಟ್ ಕಾಯೋ ಕೆಲ್ಸ. ಸಾಯೋಗಂಟ.”

ಅಫ್ಸರ್ ತಲೆದೂಗಿದ. ಮರಿಸಿದ್ದಯ್ಯ, “ಊಂ ಬುದ್ಧಿ” ಎಂದ. ಗೇಟು ಕಾಯುವ ಕಿವುಡ! ಅಫ್ಸರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲಾರಿ ಹತ್ತುವಾಗ ಚಲುವಮ್ಮ ಬಂದಳು. ಎಂಟು ತಿಂಗಳು ತುಂಬಿದ ಬಸುರಿ. ಸಾಲುಮನೆಯ ಹೆಂಗಸರಿಗೆ ಕೇಳಿಸದ ಹಾಗೆ ಹತ್ತಿರ ಬಂದು, “ಅಪ್ಸರಣ್ಣ, ಅವರ ಇಂದ್ಗಡೇನೇ ಇರಪ್ಪ” ಎಂದಳು.

“ಇರ್ತೀನಿ ಕಣಮ್ಮ” ಎಂದ ಅಫ್ಸರ್.

ಕೊಯ್ಲಾದ ಗದ್ದೆಯನ್ನು ಸಮ ಮಾಡಿ, ಕೂಳೆ ಕಿತ್ತು, ನೀರು ಚಿಮುಕಿಸಿ ಅಂಗಳ ಮಾಡಿದ್ದರು. ಬಿಸಿಲಿಗೆ ನೀರು ಆರಿ ಮಧ್ಯಾಹ್ನದ ಹೊತ್ತಿಗೆ ಮೊಣಕಾಲೆತ್ತರಕ್ಕೆ ಧೂಳು ಏಳುತ್ತಿತ್ತು. ಸುತ್ತ ಜನವೋ ಜನ. ಸಾಹುಕಾರರಿಗೆ ನಡುಗೆರೆಯ ನೇರಕ್ಕೆ ಕುರ್ಚಿ. ಸೀಟಿ ಊದಿ ತೀರ್ಪು ಹೇಳಲು ಮಳವಳ್ಳಿಯಿಂದ ನಾಗಯ್ಯ ಮೇಷ್ಟ್ರು ಬಂದಿದ್ದರು. ವಯಸ್ಸಾದ ಮನುಷ್ಯ, ನ್ಯಾಯವಂತರು.

ಮೊದಲ ಆಟ ಮದ್ದೂರಿಗೆ, ಎರಡನೆಯದು ಬೆಳಕವಾಡಿಗೆ. ಮೂರನೆಯದರಲ್ಲಿ ತೀರ್ಮಾನ. ಆ ಮೂರನೇ ಆಟದ ನಡುವೆ ಚಿಕ್ಕಣ್ಣ ಒಳಗೆ ಬಂದು, ಹಿಂದಕ್ಕೆ ಜಿಗಿಯುವಾಗ ಕಾಲ ಹೆಬ್ಬೆರಳನ್ನು ಅಫ್ಸರನ ಮೀನಖಂಡಕ್ಕೆ ತಾಗಿಸಿದ. ನಾಗಯ್ಯ ಮೇಷ್ಟ್ರು ಕೈ ಎತ್ತಿದರು. ಅಫ್ಸರ್ ಔಟು.

ಹೊರಗೆ ಗೆರೆಯಾಚೆ ಕೂತ ಅಫ್ಸರನ ಕಡೆ ಮರಿಸಿದ್ದಯ್ಯ ನೋಡಿದ. ಅಫ್ಸರ್ ಮೆಲ್ಲಗೆ ತಲೆ ಅಡ್ಡಡ್ಡ ಆಡಿಸಿದ: ಹಿಡಿಯಬೇಡ. ಮರಿಸಿದ್ದಯ್ಯ ಕಣ್ಣು ಮಿಟುಕಿಸಿ ಒಪ್ಪಿಕೊಂಡ. ತಮ್ಮವರು ಎದುರಾಳಿ ಒಬ್ಬನನ್ನು ಹಿಡಿದರೆ ಮಾತ್ರ ಔಟಾದವನೊಬ್ಬ ವಾಪಸು ಬರಬಹುದು, ಬರಿದೆ ಮುಟ್ಟಿ ಬಂದರೆ ಇಲ್ಲ. ಅಫ್ಸರ್ ಅದಕ್ಕೇ ಕಾದು ಕೂತ. ಯಾರೂ ಹಿಡಿಯಲಿಲ್ಲ. ಒಬ್ಬೊಬ್ಬರಾಗಿ ಬಂದು ಅಫ್ಸರನ ಪಕ್ಕದಲ್ಲಿ ಕೂತರು. ಕೊನೆಗೆ ಅಷ್ಟಗಲ ಅಂಗಳದಲ್ಲಿ ಮರಿಸಿದ್ದಯ್ಯ ಒಬ್ಬನೇ ನಿಂತ. ಇವರು ಮುಟ್ಟಿ ಬಂದವರೆಲ್ಲ ಔಟಾಗಿ, ಬೆಳಕವಾಡಿಯಲ್ಲಿ ಉಳಿದವನೂ ಚಿಕ್ಕಣ್ಣ ಒಬ್ಬನೇ.

ಚಿಕ್ಕಣ್ಣ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಬಂದ. ಮುಟ್ಟಿಸಿಕೊಂಡರೆ ಮರಿಸಿದ್ದಯ್ಯ ಸೋತ. ಹಿಡಿದರೆ ಗೆದ್ದ. ಅಫ್ಸರ್ ಹಿಡಿಯಬೇಡ ಎಂದು ಇನ್ನೊಮ್ಮೆ ತಲೆ ಆಡಿಸಬೇಕಿತ್ತು. ಕುರ್ಚಿಯಲ್ಲಿದ್ದ ಸಾಹುಕಾರರು ಕಂಡರು. ಖಾಯಂ ಕೆಲಸ ಕಂಡಿತು, ಸ್ಟೇಷನ್ ಮುಂದಿನ ಚೌಡಯ್ಯ ಕಂಡ. ಅಫ್ಸರ್ ತಲೆ ಆಡಿಸಲಿಲ್ಲ. ಮನಸ್ಸಿನೊಳಗೆ, ಹಿಡಿಯೋ ಸಿದ್ದ, ಹಿಡಿ ಎಂದುಕೊಂಡ. ಅದನ್ನು ಸುಳ್ಳು ಎಂದು ಅವನು ಮುಂದೆ ಯಾವತ್ತೂ ಹೇಳಲಾಗಲಿಲ್ಲ.

ಚಿಕ್ಕಣ್ಣ ಮೂರು ಸುತ್ತು ಹಾಕಿದ. ಉಸಿರು ಅರ್ಧ ಮುಗಿದಿತ್ತು. ವಾಪಸು ತಿರುಗಿದ. ಮರಿಸಿದ್ದಯ್ಯ ಬಿದ್ದ. ಇಬ್ಬರೂ ಬೋರಲಾಗಿ ಧೂಳಿಗೆ ಅಪ್ಪಳಿಸಿದರು. ಚಿಕ್ಕಣ್ಣ ಕೆಳಗೆ, ಮುಖ ಮಣ್ಣಲ್ಲಿ. ಮರಿಸಿದ್ದಯ್ಯ ಮೇಲೆ, ಎರಡೂ ತೋಳು ಅವನ ಎದೆಗೂಡಿಗೆ ಸುತ್ತಿ, ಹಣೆಯನ್ನು ಬೆನ್ನಿಗೆ ಒತ್ತಿ. ನಡುಗೆರೆ ಇನ್ನೂ ಎರಡು ಮಾರು ದೂರ.

‘ಚೆಡುಗುಡು’ ಮಣ್ಣೊಳಗಿಂದ ಗುಂಯ್‌ಗುಟ್ಟುತ್ತ ಬಂತು. ಸಣ್ಣಗಾಯಿತು. ನಿಂತಿತು. ನಾಗಯ್ಯ ಮೇಷ್ಟ್ರು ಸೀಟಿ ಊದಿದರು. ಮದ್ದೂರಿನವರು ಹೋ ಎಂದು ಎದ್ದು ನಿಂತರು. ಗೆದ್ದಾಗಿತ್ತು.

ಮರಿಸಿದ್ದಯ್ಯ ಬಿಡಲಿಲ್ಲ.

ಕೆಳಗೆ ಚಿಕ್ಕಣ್ಣನ ಮೈ ಅದುರುತ್ತಿತ್ತು. ಉಸಿರಿಗಾಗಿ ಅದುರುತ್ತಿದ್ದ ಆ ಪಕ್ಕೆಗಳಿಂದ ಮರಿಸಿದ್ದಯ್ಯ, ಚಿಕ್ಕಣ್ಣ ಇನ್ನೂ ಚೆಡುಗುಡು ಎನ್ನುತ್ತಿದ್ದಾನೆ ಎಂದೇ ತಿಳಿದ. ತಲೆ ಎತ್ತಿ ಸುತ್ತ ನೋಡಿದ. ಎದ್ದು ನಿಂತ ಜನರ ನಡುವೆ ಅಫ್ಸರನ ಮುಖ ಸಿಗಲಿಲ್ಲ. ಎರಡು ಸಾವಿರ ಬಾಯಿಗಳು ತೆರೆದಿದ್ದವು, ಕೈಗಳು ಮೇಲೆ ಹಾರುತ್ತಿದ್ದವು. ‘ಬುಡೋ! ಬುಡೋ!’ ಎಂದು ಅವರು ಕೂಗುತ್ತಿದ್ದುದು ಅವನಿಗೆ ಶಹಬಾಸ್ ಎಂದಂತೆ ಕಂಡಿತು. ಇನ್ನಷ್ಟು ಬಿಗಿದ.

ಅಫ್ಸರ್ ಅರ್ಧ ಎದ್ದ. ಔಟಾದವನು ಒಳಗೆ ಕಾಲಿಟ್ಟರೆ ಆಟ ಎದುರಾಳಿಗೆ ಹೋಗುತ್ತದೆ, ಮೇಷ್ಟ್ರು ಇನ್ನೂ ಗೆಲುವು ಸಾರಿರಲಿಲ್ಲ. ಓಡಿಹೋಗಿ ಎಳೆದರೆ ಯಾಕೆ ಎಳೆದೆ ಎನ್ನುತ್ತಾರೆ, ಕಿವಿಯ ಗುಟ್ಟು ಬಯಲಾಗುತ್ತದೆ. ಮೇಷ್ಟ್ರೇ ಹೋಗುತ್ತಿದ್ದಾರಲ್ಲ, ಬಿಡಿಸುತ್ತಾರೆ ಎಂದು ಕಾದ. ಮೇಷ್ಟ್ರು ಹೋಗಿ ಮರಿಸಿದ್ದಯ್ಯನ ಹೆಗಲು ಜಗ್ಗಿದರು. ಬೆಳಕವಾಡಿಯ ಇಬ್ಬರು ಬಂದು ತೋಳು ಕಿತ್ತರು. ತನ್ನ ಹಿಡಿತ ಬಿಡಿಸಲು ಅವರ ಕಡೆಯವರು ಮೋಸ ಮಾಡುತ್ತಿದ್ದಾರೆಂದು ಮರಿಸಿದ್ದಯ್ಯ ಹಲ್ಲು ಕಚ್ಚಿ ಮುದುಡಿದ. ಒಬ್ಬ ಅವನ ಬೆನ್ನಿಗೆ ಒದ್ದ. ಏಳು ವರ್ಷ ಒದೆ ತಿಂದ ಬೆನ್ನು ಅದು; ಸಡಿಲಾಗುವುದೇ?

ಆಗ ಅಫ್ಸರ್ ಓಡಿದ. ಎಷ್ಟು ಹೊತ್ತು ತಡೆದಿದ್ದ? ಅವನ ಲೆಕ್ಕಕ್ಕೆ ಹತ್ತು ಎಣಿಸುವಷ್ಟು. ನೋಡಿದವರು ಇನ್ನೂ ಜಾಸ್ತಿ ಎಂದರು. ಜನರ ಕಾಲುಗಳ ನಡುವೆ ನುಗ್ಗಿ, ಉಡದಾರಕ್ಕೆ ಬೆರಳು ಹಾಕಿ ಎರಡು ಸಲ ಎಳೆದ.

ಮರಿಸಿದ್ದಯ್ಯ ತಟ್ಟನೆ ಬಿಟ್ಟ. ಎದ್ದು ನಿಂತ. ಮುಖದ ತುಂಬ ಧೂಳು, ಧೂಳಿನ ನಡುವೆ ಹಲ್ಲು. ಎರಡೂ ಕೈ ಮೇಲೆತ್ತಿ ಸಾಹುಕಾರರ ಕಡೆ ತಿರುಗಿ ನಕ್ಕ. ಗೆದ್ದೆ ಎಂದುಕೊಂಡಿದ್ದ. ಅಫ್ಸರನ ಮುಖ ನೋಡಿದ ಮೇಲೆಯೇ ಅವನ ನಗು ನಿಂತದ್ದು. ಆಮೇಲೆ ಕೆಳಗೆ ನೋಡಿದ. ಚಿಕ್ಕಣ್ಣನನ್ನು ಅಂಗಾತ ತಿರುಗಿಸಿ ಬಾಯಿಂದ ಮಣ್ಣು ತೆಗೆಯುತ್ತಿದ್ದರು. ನೀರು ಹಾಕಿದರು, ಬೀಸಿದರು, ಎದೆ ತಿಕ್ಕಿದರು. ಹೋದ ಉಸಿರು ಮರಳಲಿಲ್ಲ. ಚಿಕ್ಕಣ್ಣನ ತಾಯಿ ದೇವಿರಮ್ಮ ಹೆಂಗಸರ ಗುಂಪನ್ನು ಸೀಳಿಕೊಂಡು ಬಂದು ಮಗನ ಮೇಲೆ ಬಿದ್ದಳು. ಮರಿಸಿದ್ದಯ್ಯನೂ ಅಲ್ಲೇ ಮೊಣಕಾಲೂರಿ, “ಚಿಕ್ಕಾ, ಲೇ ಚಿಕ್ಕಾ” ಎಂದು ಅವನ ಪಾದ ಹಿಡಿದುಕೊಂಡ. ಜನ ಅವನನ್ನು ಎಳೆದು ಬಡಿದರು.

ಮರುದಿನ ಬೆಳಿಗ್ಗೆ ಬೆಳಕವಾಡಿಯ ಚಾವಡಿಯಲ್ಲಿ ವಿಚಾರಣೆ. ಮಳವಳ್ಳಿಯಿಂದ ಬಂದ ಇನ್ಸ್‌ಪೆಕ್ಟರು ಮೇಜು ಹಾಕಿಸಿ ಕೂತರು. ಕೂಗಾಡುವ ಮನುಷ್ಯರಲ್ಲ. ಮೇಷ್ಟರನ್ನು ಕೇಳಿದರು, ಸಾಹುಕಾರರನ್ನು ಕೇಳಿದರು, ಹತ್ತಾರು ಜನರನ್ನು ಕೇಳಿದರು. ಎಲ್ಲರೂ ಹೇಳಿದ್ದು ಒಂದೇ: ನಾಲ್ಕು ವರ್ಷದ ಹಿಂದೆ ಚಿಕ್ಕಣ್ಣ ಇವನ ಕಿವಿಗೆ ಒದ್ದಿದ್ದ, ಆ ಹಗೆ ತೀರಿಸಿಕೊಂಡ. ಸೀಟಿ ಊದಿದರೂ ಬಿಡಲಿಲ್ಲ, ಸಾವಿರ ಜನ ಕೂಗಿದರೂ ಬಿಡಲಿಲ್ಲ, ತನ್ನ ಜೊತೆಯವನು ಬಂದು ಎಳೆದಾಗ ಮಾತ್ರ ಬಿಟ್ಟ.

ಚಾವಡಿಯ ನಡುವೆ ಮರಿಸಿದ್ದಯ್ಯನನ್ನು ನೆಲದ ಮೇಲೆ ಕೂರಿಸಿದ್ದರು. ಒಂದು ಕಣ್ಣು ಊದಿಕೊಂಡು ಮುಚ್ಚಿತ್ತು. ಆಟ ಮುಗಿದಾಗಿನಿಂದ ಅಫ್ಸರನನ್ನು ಅವನ ಹತ್ತಿರ ಬಿಟ್ಟಿರಲಿಲ್ಲ. ಏನು ಮಾತು ನಡೆಯುತ್ತಿದೆಯೆಂದು ಅವನಿಗೆ ತಿಳಿಯುವಂತಿರಲಿಲ್ಲ. ಉಳಿದ ಒಂದೇ ಕಣ್ಣಿನಿಂದ ಅವನು ಅಫ್ಸರನ ಮುಖವನ್ನೇ ನೋಡುತ್ತಿದ್ದ.

ಅಫ್ಸರ್ ಇನ್ಸ್‌ಪೆಕ್ಟರ ಕಾಲಿಗೆ ಬಿದ್ದ. “ಸ್ವಾಮಿ, ಅವನಿಗೆ ಕಿವಿ ಕೇಳ್ಸಾಕಿಲ್ಲ. ಎರಡೂ ಕಿವೀನೂ ಇಲ್ಲ. ಸೀಟಿ ಕೇಳ್ನಿಲ್ಲ ಸ್ವಾಮಿ ಅವನ್ಗೆ. ಅಲ್ಲಾನ ಆಣೆ, ನಮ್ಮವ್ವನ ಆಣೆ.”

ಇನ್ಸ್‌ಪೆಕ್ಟರು ಸಾಹುಕಾರರ ಕಡೆ ನೋಡಿದರು. ಸಾಹುಕಾರರು ನಿಜವಾಗಿಯೂ ಬೆರಗಾಗಿದ್ದರು. “ಕಿವ್ಡನಾ? ದಿನಾ ಮಾತಾಡ್ಸ್‌ತೀನಲ್ಲ ಸ್ವಾಮಿ ಇವನ್ನ. ಇಂದ್ಗಡೆಯಿಂದ ಕರುದ್ರೂ ತಿರುಗ್ತಾನೆ. ಗೇಟ್ ಕಾಯಾಕ್ ನೇಮಿಸ್ತಿದ್ನಲ್ಲ ನಾನು! ಅಪ್ಸರ ಅವನ್ನ ಉಳ್ಸ್‌ಕೊಳ್ಳಾಕೆ ಏಳ್ತಾವ್ನೆ.”

“ಡಾಕ್ಟರಿಗೆ ತೋರಿಸೋದು ಆಮೇಲೆ ಇದ್ದೇ ಇದೆ,” ಎಂದರು ಇನ್ಸ್‌ಪೆಕ್ಟರು. “ಆದರೆ ಈಗ ನಾನು ಬರೆಯೋ ಮಾತೇ ಮೊದಲು ನಿಲ್ಲೋದು. ಅದಕ್ಕೆ ನಾನೇ ಕಣ್ಣಾರೆ ನೋಡ್ತೀನಿ. ನೀನು ಹೇಳೋದು ನಿಜವಾದರೆ ಅವನ ಪುಣ್ಯ. ಏ, ಅವನು ನಿನ್ನನ್ನೇ ನೋಡ್ತಿದ್ದಾನೆ, ನೀನು ಅವನೆದುರೇ ನಿಂತ್ಕೊ, ಹಿಂದೆ ನಡೆಯೋದು ಅವನಿಗೆ ಕಾಣಬಾರದು. ಕೈ ಹಿಂದಕ್ಕೆ ಕಟ್ಟು. ಸನ್ನೆ ಮಾಡಿದೆಯೋ ನಿನ್ನನ್ನೂ ಒಳಗೆ ಹಾಕ್ತೀನಿ.”

ಅಫ್ಸರ್ ನಾಲ್ಕು ಅಡಿ ದೂರದಲ್ಲಿ ನಿಂತು ಕೈ ಹಿಂದಕ್ಕೆ ಕಟ್ಟಿದ. ಮರಿಸಿದ್ದಯ್ಯನ ಒಂಟಿ ಕಣ್ಣು ಅವನ ಮುಖಕ್ಕೆ ನೆಟ್ಟಿತು. ನನ್ನನ್ನು ಉಳಿಸಲಿಕ್ಕೆ ಬಂದ ಎಂಬ ನಂಬಿಕೆ ಆ ಕಣ್ಣಲ್ಲಿತ್ತು. ಅವನ ಬೆನ್ನ ಹಿಂದೆ ಪೇದೆಯೊಬ್ಬ ಚಾವಡಿಯ ಹಿತ್ತಾಳೆ ಕೊಡವನ್ನು ಎರಡೂ ಕೈಯಲ್ಲಿ ತಲೆಯೆತ್ತರಕ್ಕೆ ಎತ್ತಿದ. ಅಫ್ಸರನಿಗೆ ಗೊತ್ತಿತ್ತು. ನೋಡಬಾರದು. ಏನಾದರೂ ಆಗಲಿ, ಅತ್ತ ನೋಡಬಾರದು. ಕಣ್ಣು ಮುಚ್ಚಿಕೊಳ್ಳೋಣವೆಂದರೆ ಅದೂ ಸನ್ನೆಯೆಂದಾರು. ಮರಿಸಿದ್ದಯ್ಯನ ಮೂಗಿನ ತುದಿಯನ್ನು ದಿಟ್ಟಿಸಿದ. ಮೂಗಿನ ಮೇಲೆ ಆಟದ ಮಣ್ಣು ಇನ್ನೂ ಒಣಗಿ ಅಂಟಿತ್ತು. ಬೆವರು ಹುಬ್ಬಿನಿಂದ ಇಳಿದು ಕಣ್ಣು ಉರಿಯಿತು. ದೇವರೇ, ದೇವರೇ ಎಂದುಕೊಂಡ.

ಕೊಡ ಕಲ್ಲುಚಪ್ಪಡಿಗೆ ಬಿತ್ತು. ಚಾವಡಿ ನಡುಗುವ ಹಾಗೆ ಸದ್ದಾಯಿತು. ಅಲ್ಲಿದ್ದವರೆಲ್ಲ ಬೆಚ್ಚಿದರು. ಅಫ್ಸರನೂ ಮನುಷ್ಯ, ಅವನ ಕಣ್ಣು ಒಂದೇ ಒಂದು ಗಳಿಗೆ ಅತ್ತ ಹೋಯಿತು.

ಮರಿಸಿದ್ದಯ್ಯ ಹಿಂದಕ್ಕೆ ತಿರುಗಿದ.

ಚಾವಡಿಯಲ್ಲಿ ಯಾರೋ ಥೂ ಎಂದು ಉಗಿದರು. ದೇವಿರಮ್ಮ ಎದೆ ಬಡಿದುಕೊಂಡಳು. ಇನ್ಸ್‌ಪೆಕ್ಟರು ಲೇಖನಿ ಶಾಯಿಯಲ್ಲಿ ಅದ್ದಿ ಬರೆಯತೊಡಗಿದರು.

“ಇನ್ನೊಂದ್ಸಲ ಸ್ವಾಮಿ! ನನ್ನ ಆಚೆಗ್ ಕಳ್ಸಿ ಇನ್ನೊಂದ್ಸಲ ಮಾಡಿ! ಅವನು ನನ್ ಕಣ್ ನೋಡ್ದ, ಸದ್ ಕೇಳ್ನಿಲ್ಲ, ನಾನೇ ಕಲ್ಸಿದ್ದು ಸ್ವಾಮಿ, ನಾನೇ...” ಅಫ್ಸರ್ ಕೂಗುತ್ತಲೇ ಇದ್ದ. ಇಬ್ಬರು ಪೇದೆಗಳು ಅವನ ರಟ್ಟೆ ಹಿಡಿದರು. ಕಣ್ಣು ನೋಡಿ ತಿರುಗುವ ಕಿವುಡನ ಕತೆ ಕೇಳಿ ಜನ ನಕ್ಕರು.

ಮರಿಸಿದ್ದಯ್ಯ ಉರುಳಿ ಹೋದ ಕೊಡವನ್ನು ನೋಡಿದ. ಇದೇನು ದೊಡ್ಡದಲ್ಲ ಎಂಬಂತೆ ಮತ್ತೆ ಈಚೆ ತಿರುಗಿದ. ಊದಿದ ತುಟಿಯ ಅಂಚಿನಲ್ಲಿ ಒಂಚೂರು ನಗು ಬಂತು. ಸರಿಯಾಗಿ ತಿರುಗಿದೆನಲ್ಲ ಎಂದು ಕೇಳುವ ಹಾಗೆ ಅಫ್ಸರನ ಮುಖ ನೋಡುತ್ತ, ಅವನು ತಲೆದೂಗುವುದನ್ನೇ ಕಾಯುತ್ತ ಕೂತ.